ಒಂದೂವರೆ ಇಂಚಿನ ಸಲುವಾಗಿ ಒಂದು ವೆಲ್ಡಿಂಗ್ ಚುಕ್ಕಿ

ಅಮೆರಿಕಾದ ಟೆಕ್ಸಾಸ್‌ನಾಗ ಇರೋ ನಮ್ಮ ಅಣ್ಣನ ಮಗ ಈಗ ಒಂದು ರೈಫಲ್ ಕಟ್ಲಿಕತ್ಯಾನ, ಅಂದ್ರ ಒಂದೊಂದು ಪಾರ್ಟ್ ಬ್ಯಾರೆ ಬ್ಯಾರೆ ಕಡೆಯಿಂದ ತರ್ಸಿ ತಾನೇ ಜೋಡಿಸ್ಲಿಕತ್ಯಾನ. ಅಲ್ಲಿ ಇದು ಹವ್ಯಾಸ, ನಮ್ಮ ಕಡೆ ಹುಡುಗ್ರು ಬುಲೆಟ್ ಗಾಡಿ ಬಿಚ್ಚಿ ಕಟ್ಟೋವಷ್ಟೇ ಸಾಮಾನ್ಯ. ನಾನು ಕಲಬುರಗಿ ಒಳಗ ಲೇಥ್ ಮತ್ತ ವೆಲ್ಡಿಂಗ್ ಕೆಲ್ಸ ಮಾಡಾಂವ, ದಾಲ್ ಮಿಲ್ಲಿನ ಶಾಫ್ಟು, ಬೇರಿಂಗ್ ಕೂಡೋ ಜಾಗ, ವಾಡಿ ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯಿಂದ ಬರೋ ಸಣ್ಣಪುಟ್ಟ ರಿಪೇರಿ, ಇದೇ ನನ್ನ ಬದುಕು. ಅದಕ್ಕ ಕಬ್ಬಿಣದ ಮಾತು ಬಂದ್ರ ಅಂವ ನನಗ ಫೋನ್ ಹಚ್ತಾನ. ಈ ಸಲ ಕೇಳಿದ್ದು ಹಿಂಗ: "ಕಾಕಾ, 14.5 ಇಂಚಿನ ಬ್ಯಾರಲ್ ತಗೊಂಡೀನಿ, ಅದರ ತುದಿಗಿ ಫ್ಲ್ಯಾಶ್ ಹೈಡರ್ ಹಾಕಿ ಪಿನ್ ಹೊಡ್ದು ಮ್ಯಾಗ ವೆಲ್ಡ್ ಮಾಡಸ್ಬೇಕಂತ ಮಾಡೀನಿ, ನೀವೇನಂತೀರಿ?"

ಬ್ಯಾರಲ್ ಅಂದ್ರ ಬಂದೂಕಿನ ನಳಿಗಿ, ಫ್ಲ್ಯಾಶ್ ಹೈಡರ್ ಅಂದ್ರ ಅದರ ಬಾಯಿಗಿ ತಿರುವಿ ಹಾಕೋ, ಬೆಂಕಿ ಚದುರಿಸೋ ತುಂಡು. ಮೊದಲಿಗಿ ನನಗ ಪ್ರಶ್ನೆನೇ ತಿಳೀಲಿಲ್ಲ, ಥ್ರೆಡ್ ಇದ್ದ ಮ್ಯಾಗ ತಿರುವಿ ಟೈಟ್ ಮಾಡಿದ್ರ ಆತಲ್ಲ, ವೆಲ್ಡಿಂಗ್ ಯಾಕ ಬೇಕು ಅಂದೆ. ಆಮ್ಯಾಗ ಅಂವ ಕಾನೂನು ಹೇಳ್ದ, ನಾನೂ ಕುಂತು ಓದಿದೆ, ಓದಿದ ಮ್ಯಾಗ ಇದು ಬರೇ ವೆಲ್ಡಿಂಗ್ ಮಾತಲ್ಲ ಅಂತ ಗೊತ್ತಾತು. ಅಲ್ಲಿ ನೆಲಿ ನಿಂತಿರೋ ನಮ್ಮ ಕಡೆ ಹುಡುಗ್ರು ಭಾಳ ಮಂದಿ ಇದ್ದಾರ, ಅವರಿಗಿ ಉಪಯೋಗ ಆಗ್ಲಿ ಅಂತ ಬರೀಲಿಕತ್ತೀನಿ. ಮತ್ತ ಇಲ್ಲಿ ಊರಾಗ ಲೇಥ್ ಇಟ್ಕೊಂಡವ್ರಿಗೂ ಇದರಾಗ ಒಂದು ಮಾತು ಅದ, ಅದನ್ನ ಮುಂದ ಹೇಳ್ತೀನಿ.

ಅಮೆರಿಕಾದಾಗ 1934ರಲ್ಲಿ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಅಂತ ಒಂದು ಕಾನೂನು ಬಂತು. ಮಶಿನ್ ಗನ್ನು, ಸೈಲೆನ್ಸರು, ನಳಿಗಿ ಕತ್ತರಿಸಿ ಗಿಡ್ಡ ಮಾಡಿದ ಬಂದೂಕು, ಇವಕ್ಕೆಲ್ಲ ಸರ್ಕಾರದಾಗ ಹೆಸರು ಬರಸ್ಬೇಕು, 200 ಡಾಲರ್ ಟ್ಯಾಕ್ಸ್ ಕಟ್ಟಬೇಕು ಅಂತ ಮಾಡಿದ್ರು. 1934ರ 200 ಡಾಲರ್ ಅಂದ್ರ ಸಣ್ಣ ರೊಕ್ಕ ಅಲ್ರಿ, ಜನ ತಗೋಬಾರ್ದು ಅಂತನೇ ಅಷ್ಟು ಇಟ್ಟಿದ್ದು. ಮೊದಲಿನ ಮಸೂದೆ ಒಳಗ ಪಿಸ್ತೂಲು ರಿವಾಲ್ವರ್ ಕೂಡ ಇದ್ವು, ರೈಫಲ್ ಕತ್ತರಿಸಿ ಪಿಸ್ತೂಲಿನಷ್ಟು ಗಿಡ್ಡ ಮಾಡ್ಕೊಂಡು ಕಾನೂನಿಂದ ತಪ್ಪಿಸ್ಕೋಬಾರ್ದು ಅಂತ ಗಿಡ್ಡ ರೈಫಲ್ಲೂ ಸೇರಿಸಿದ್ರು, ಆಮ್ಯಾಗ ಪಿಸ್ತೂಲ್ ಕೈಬಿಟ್ರು, ಗಿಡ್ಡ ರೈಫಲ್ ಮಾತ್ರ ಹಂಗೇ ಉಳೀತು. ರೈಫಲ್ಲಿಗಿ ಮೊದಲು 18 ಇಂಚು ಅಂತ ಇತ್ತು, 1960ರಾಗ ಅದನ್ನ 16 ಇಂಚು ಮಾಡಿದ್ರು. ಶಾಟ್‌ಗನ್ನಿಗಿ ಇವತ್ತಿಗೂ 18. ಅಂದ್ರ ರೈಫಲ್ ನಳಿಗಿ 16 ಇಂಚಿಗಿಂತ ಕಡಿಮಿ ಇದ್ರ, ಇಲ್ಲಾ ಪೂರ್ತಿ ರೈಫಲ್ 26 ಇಂಚಿಗಿಂತ ಕಡಿಮಿ ಇದ್ರ, ಅದು ಶಾರ್ಟ್ ಬ್ಯಾರಲ್ಡ್ ರೈಫಲ್. ಹೆಸರು ಬರಸ್ದೇ ಇಟ್ಕೊಂಡ್ರ ಅದು ದೊಡ್ಡ ಅಪರಾಧ, ಜೈಲು.

ಈಗ ನಮ್ಮ ಹುಡುಗನ ಲೆಕ್ಕ ನೋಡ್ರಿ. ಅವನ ನಳಿಗಿ 14.5 ಇಂಚು, ಅಮೆರಿಕಾ ಸೈನ್ಯದ ಎಂ4 ಕಾರ್ಬೈನಿನ ನಳಿಗಿ ಉದ್ದನೂ ಇಷ್ಟೇ, ಅದಕ್ಕೇ ಎಲ್ಲಾರಿಗೂ ಈ ಉದ್ದದ ಮ್ಯಾಗ ಪ್ರೀತಿ. ಕಾನೂನಿಗಿ ಒಂದೂವರೆ ಇಂಚು ಕಡಿಮಿ ಬಿತ್ತು. ಆದ್ರ ನಳಿಗಿ ತುದಿಗಿ ಹಾಕೋ ವಸ್ತು ಖಾಯಂ ಜೋಡಿಸಿದ್ದಿದ್ರ ಅದನ್ನೂ ನಳಿಗಿ ಉದ್ದದಾಗ ಹಿಡೀತಾರ. ತಿರುವಿ ಹಾಕಿದ್ದು ಲೆಕ್ಕಕ್ಕಿಲ್ಲ, ಪಾನಾ ಹಚ್ಚಿ ಎಷ್ಟೇ ಬಿಗಿ ಮಾಡಿದ್ರೂ ಲೆಕ್ಕಕ್ಕಿಲ್ಲ, ಲಾಕ್‌ಟೈಟ್ ಅಂಟು ಹಾಕಿದ್ರೂ ಇಲ್ಲ. ಖಾಯಂ ಅಂದ್ರ ಏನು ಅಂತ ಅಲ್ಲಿ ಬಂದೂಕಿನ ಕಾನೂನು ನೋಡ್ಕೊಳ್ಳೋ ಎಟಿಎಫ್ ಇಲಾಖೆ ಬಿಡಿಸಿ ಬರದದ: ಗ್ಯಾಸ್ ಅಥವಾ ಕರೆಂಟ್ ವೆಲ್ಡಿಂಗ್ ಮಾಡಿ ಪೂರ್ತಿ ಕೂಡಿಸಬೇಕು, ಇಲ್ಲಾ 1100 ಡಿಗ್ರಿ ಫ್ಯಾರನ್‌ಹೀಟ್ ಬೇಕಾಗೋ ಬೆಳ್ಳಿ ಬೆಸುಗಿ ಹಾಕಬೇಕು, ಇಲ್ಲಾ ಆರಪಾರ ಹೋಗದಂಗ ತೂತು ಹೊಡ್ದು ಪಿನ್ ಕೂಡಿಸಿ ಆ ಪಿನ್ನಿನ ತಲಿ ಮ್ಯಾಗ ವೆಲ್ಡ್ ಮಾಡಬೇಕು. ಈ ಮೂರನೇದಕ್ಕೇ ಪಿನ್ ಅಂಡ್ ವೆಲ್ಡ್ ಅಂತಾರ, ಹೆಚ್ಚಿನವ್ರು ಮಾಡಿಸೋದು ಇದೇ.

ಅಳೀಯೋ ರೀತಿ ನನಗ ಭಾಳ ಹಿಡಸ್ತು. ಹೊರಗಿಂದ ಟೇಪ್ ಹಿಡಿಯಂಗಿಲ್ಲ. ನಳಿಗಿ ಹಿಂದಿನ ಬಾಯಿ ಮುಚ್ಚೋ ತುಂಡಿಗಿ ಬೋಲ್ಟ್ ಅಂತಾರ, ಆ ಬೋಲ್ಟ್ ಮುಚ್ಚಿ, ನಳಿಗಿ ಬಾಯಿಯಿಂದ ಒಂದು ಕಟ್ಟಿಗಿ ಕಡ್ಡಿ ಒಳಗ ಬಿಟ್ಟು, ಅದು ಬೋಲ್ಟಿನ ಮುಖಕ್ಕ ತಾಗಿ ನಿಂತ ಮ್ಯಾಗ ತುದಿಗಿ ಗುರ್ತು ಹಾಕಿ, ಹೊರಗ ತೆಗ್ದು ಕಡ್ಡಿ ಅಳೀಬೇಕು. ಬಂದೂಕು ಖಾಲಿ ಅದ ಅಂತ ಎರಡೆರಡು ಸಲ ನೋಡ್ಕೊಂಡ ಮ್ಯಾಗ ಅಷ್ಟೇ. ಡೇಟಮ್, ಅಂದ್ರ ಅಳತಿ ಶುರು ಆಗೋ ಜಾಗ, ಒಂದೇ, ಬೋಲ್ಟಿನ ಮುಖ, ಯಾರು ಅಳದ್ರೂ ಅದೇ ಉತ್ತರ ಬರಬೇಕು. ಒಳ್ಳೆ ಡ್ರಾಯಿಂಗ್ ಹಿಂಗೇ ಇರ್ತದ.

ನಮ್ಮ ಹುಡುಗ ಮೊದಲು ಹಾಕ್ಬೇಕಂದಿದ್ದು ಎ2 ಅನ್ನೋ ಸಾದಾ ಫ್ಲ್ಯಾಶ್ ಹೈಡರ್, ಕಡಿಮಿ ರೇಟಿಂದು, ಉದ್ದ 1.75 ಇಂಚು. 14.5ಕ್ಕ 1.75 ಕೂಡಿಸಿದ್ರ 16.25 ಆತಲ್ಲ ಕಾಕಾ ಅಂದ. ಅದು ಹಂಗ ಆಗಂಗಿಲ್ಲ ತಮ್ಮಾ, ನಳಿಗಿ ತುದಿ ಥ್ರೆಡ್ ಒಳಗ ಹೋಗಿ ಕೂಡ್ತದ, ಆ ಥ್ರೆಡ್ ಸುಮಾರು 15 ಮಿಲಿಮೀಟರ್ ಇರ್ತದ, ಅಷ್ಟು ಉದ್ದ ಒಳಗೇ ಹೋತು. ಹೊರಗ ಉಳಿಯೋದು 29 ಮಿಲಿಮೀಟರ್ ಹತ್ರ, ಬೇಕಾಗಿದ್ದು 38. ಒಂಬತ್ತು ಮಿಲಿಮೀಟರ್ ಕಡಿಮಿ ಬೀಳ್ತದ, ವೆಲ್ಡ್ ಮಾಡಿಸಿದ ಮ್ಯಾಗೂ ಅದು ಹೆಸರು ಬರಸ್ದೇ ಇರೋ ಗಿಡ್ಡ ರೈಫಲ್ಲೇ. ಅದಕ್ಕೇ 14.5ರ ಸಲುವಾಗಿ ಉದ್ದ ಮಾಡಿದ ಮಜಲ್ ಡಿವೈಸ್, ಅಂದ್ರ ನಳಿಗಿ ಬಾಯಿಗಿ ಹಾಕೋ ತುಂಡು, ಬ್ಯಾರೆನೇ ಮಾರ್ತಾರ. ಅದು ತಗೊಂಡ್ರೂ ಲೆಕ್ಕ 16ಕ್ಕ ಸರಿಯಾಗಿ ತಂದು ನಿಲ್ಲಿಸಬ್ಯಾಡ, 16.1 ಬರಂಗ ನೋಡು ಅಂದೆ. 16 ಇಂಚು ಅಂದ್ರ 406.4 ಮಿಲಿಮೀಟರ್, ಒಂದು ಫೈಲ್ ಎಳದ್ರ ಕೆಳಗ ಬಂತು ಅನ್ನಂಗ ಇಟ್ಕೋಬಾರ್ದು.

ಈಗ ನನ್ನ ಖಾಸ್ ವಿಷಯ, ಕಬ್ಬಿಣ.

ಹುಡುಗಂದು 5.56 ಮಿಲಿಮೀಟರ್ ಗುಂಡಿನ ರೈಫಲ್, ಅದರ ನಳಿಗಿ ತುದಿಗಿ ಇರೋ ಥ್ರೆಡ್ ಅರ್ಧ ಇಂಚಿಂದು, ನಮ್ಮ ವರ್ಕ್‌ಶಾಪ್ ಭಾಷಾದಾಗ ನಾಲ್ಕ್ ಸೂತ್, ಇಂಚಿಗಿ 28 ಚೂಡಿ. ಹೊರಗಿನ ವ್ಯಾಸ 12.7 ಮಿಲಿಮೀಟರ್, ಒಳಗಿನ ತೂತು 5.7 ಹತ್ರ. ಅಂದ್ರ ಗೋಡಿ ದಪ್ಪ ಒಂದು ಕಡೆ ಮೂರೂವರೆ ಮಿಲಿಮೀಟರ್, ಅದರಾಗ ಥ್ರೆಡ್ಡಿನ ಆಳ ಅರ್ಧ ಮಿಲಿಮೀಟರ್‌ಗಿಂತ ಜರಾ ಹೆಚ್ಚು ಕಳೀರಿ, ಉಳಿಯೋದು ಮೂರಕ್ಕಿಂತ ಕಡಿಮಿ. ಪಿನ್ನಿನ ತೂತು ಡಿವೈಸ್ ಗೋಡಿ ದಾಟಿ ಥ್ರೆಡ್ಡಿನಾಗ ಜರಾ ಕಚ್ಚಿಕೊಳ್ಳೋವಷ್ಟು ಹೋಗಬೇಕು, ಪಿನ್ ಹಿಡಕೊಂಡ್ರ ಸಾಕು. ಇನ್ನೊಂದು ಎರಡು ಮಿಲಿಮೀಟರ್ ಕೈ ಜಾರಿದ್ರ ಡ್ರಿಲ್ ಬಂದು ಗುಂಡು ಹೋಗೋ ದಾರಿಗೇ ಬೀಳ್ತದ, ಆ ನಳಿಗಿ ಅಲ್ಲಿಗಿ ಮುಗೀತು, ಅದನ್ನ ತುಂಬಿಸ್ಲಿಕ್ಕ ಯಾವ ವೆಲ್ಡಿಂಗೂ ಬರಂಗಿಲ್ಲ. ಹ್ಯಾಂಡ್ ಡ್ರಿಲ್ಲಿನಾಗ ಇದನ್ನ ಮಾಡೋ ವಿಡಿಯೋ ಹುಡುಗ ಕಳಸಿದ್ದ, ನೋಡಿ ನನ್ನ ಎದಿ ಧಸಕ್ಕಂತು. ಮಿಲ್ಲಿಂಗ್ ಮಶಿನ್ನಿಗಿ ಕಟ್ಟಿ, ಆಳಕ್ಕ ಸ್ಟಾಪ್ ಇಟ್ಟು ಮಾಡೋ ಕೆಲ್ಸ ಇದು. ಅಲ್ಲಿ ಇದನ್ನೇ ದಿನಾ ಮಾಡೋ ಲೈಸೆನ್ಸ್ ಇರೋ ಗನ್‌ಸ್ಮಿತ್‌ಗಳು ಇದ್ದಾರ, ಅವರ ಕೈಗಿ ಕೊಡು ಅಂತ ಖಡಕ್ ಹೇಳ್ದೆ. ಅಮೆರಿಕಾದ ಕೇಂದ್ರ ಕಾನೂನಿನ ಪ್ರಕಾರ ಬರೇ ನಳಿಗಿ ಬಂದೂಕು ಅಲ್ಲ, ನಂಬರ್ ಇರೋ ರಿಸೀವರ್, ಅಂದ್ರ ಒಳಗಿನ ಯಂತ್ರ ಕೂಡೋ ಮೈ, ಅಷ್ಟೇ ಬಂದೂಕು, ಅದಕ್ಕ ಬಿಚ್ಚಿದ ನಳಿಗಿ ಪಾರ್ಸೆಲ್ ಮಾಡಿ ಕಳಿಸಿ ಕೆಲ್ಸ ಮಾಡಿಸ್ಕೋಬಹುದು.

ಮೂರು ಪದ್ಧತಿ ಒಳಗ ಪಿನ್ನೇ ಯಾಕ ಎಲ್ಲಾರೂ ಆರಿಸ್ತಾರ ಅನ್ನೋದು ವೆಲ್ಡಿಂಗ್ ಗೊತ್ತಿದ್ದವ್ರಿಗಿ ಕೂಡ್ಲೇ ತಿಳೀತದ. ಬೆಳ್ಳಿ ಬೆಸುಗಿಗಿ 1100 ಫ್ಯಾರನ್‌ಹೀಟ್ ಅಂದ್ರ 593 ಸೆಲ್ಸಿಯಸ್, ಇಡೀ ತುದಿ ಅಷ್ಟು ಕಾಯ್ಬೇಕು. ನಳಿಗಿ ಉಕ್ಕು ಹೆಚ್ಚಾಗಿ 4150 ಜಾತಿ ಕ್ರೋಮ್ ಮಾಲಿ, ಅದನ್ನ ಹದ ಹಾಕಿ ಗಟ್ಟಿ ಮಾಡಿರ್ತಾರ, ಅಷ್ಟು ಕಾಸಿದ್ರ ತುದಿ ಹದ ಇಳೀಬಹುದು, ಒಳಗಿನ ಮೈಗಿ ಸುಟ್ಟ ಪಕಳಿ ಏಳಬಹುದು. ಗುಂಡು ಹೊರಗ ಬೀಳೋ ಕೊನೆ ಜಾಗ ಅದು, ಅಲ್ಲಿ ಸ್ವಲ್ಪ ಕೆಟ್ರೂ ಗುರಿ ಕೆಡ್ತದ. ಸುತ್ತಲೂ ಸೀಮ್ ವೆಲ್ಡ್ ಮಾಡಿದ್ರ ಬಿಸಿನೂ ಹೆಚ್ಚು, ಆರೋ ಮುಂದ ಲೋಹ ಎಳೀತದ, ಶಾಫ್ಟಿಗಿ ಬಿಲ್ಡಪ್ ಮಾಡಿದವ್ರಿಗಿ ಗೊತ್ತಿರ್ತದ ಒಂದು ಕಡೆ ಹೆಚ್ಚು ಬಿಸಿ ಆದ್ರ ಶಾಫ್ಟ್ ಹೆಂಗ ಸೊಟ್ಟ ಆಗ್ತದಂತ. ಪಿನ್ನಿನಾಗ ಟಿಗ್ ವೆಲ್ಡಿಂಗ್ ಹಚ್ಚಿ ಒಂದು ಚುಕ್ಕಿಯಷ್ಟೇ ಕರಗಸ್ತಾರ, ಒಂದೆರಡು ಕ್ಷಣದ ಕೆಲ್ಸ, ಬಿಸಿ ಡಿವೈಸ್ ಮೈಯಾಗೇ ಹರಡಿ ಹೋಗ್ತದ. ಆಮ್ಯಾಗ ಫೈಲ್ ಹೊಡ್ದು ಸಪಾಟ್ ಮಾಡಿ ಕಪ್ಪು ಬಣ್ಣ ಏರಿಸಿದ್ರ ಎಲ್ಲಿತ್ತು ಅಂತ ಹುಡುಕಬೇಕಾಗ್ತದ. ಒಂದು ಮಾತು, ಈಗಿನ ಡಿವೈಸ್ ಭಾಳಷ್ಟಕ್ಕ ನೈಟ್ರೈಡ್ ಮಾಡಿರ್ತಾರ, ಅಂದ್ರ ಮೈಗಿ ನೈಟ್ರೋಜನ್ ಹಿಡಿಸಿ ಗಟ್ಟಿ ಮಾಡಿರ್ತಾರ. ಆ ಪದರದ ಮ್ಯಾಗೇ ವೆಲ್ಡ್ ಮಾಡಿದ್ರ ನೈಟ್ರೋಜನ್ ಗುಳ್ಳಿ ಎದ್ದು ಒಳಗೆಲ್ಲ ತೂತು ಉಳೀತಾವ. ಆ ಜಾಗ ಉಜ್ಜಿ ಬಿಳಿ ಲೋಹ ಕಾಣೋ ತನಕ ಸ್ವಚ್ಛ ಮಾಡ್ಕೋಬೇಕು, ಗನ್‌ಸ್ಮಿತ್‌ಗ ಇದು ಯಾವ ಫಿನಿಶ್ ಅಂತ ಮೊದಲೇ ಹೇಳಬೇಕು.

ಆದ್ರ ನಾನು ಹುಡುಗನ ಮುಂದ ಹೆಚ್ಚು ಹೊತ್ತು ಮಾತಾಡಿದ್ದು ವೆಲ್ಡಿಂಗ್ ಬಗ್ಗೆ ಅಲ್ಲ, ವೆಲ್ಡಿಂಗಿನ ಹಿಂದ ಏನೇನು ಸಿಕ್ಕಿಬೀಳ್ತದ ಅನ್ನೋದರ ಬಗ್ಗೆ. ಹುಡುಗ ಕಟ್ಟೋ ಎಆರ್ ಜಾತಿ ರೈಫಲ್ಲಿನಾಗ ಗ್ಯಾಸ್ ಬ್ಲಾಕ್ ಅಂತ ಒಂದು ತುಂಡು ಇರ್ತದ, ಗುಂಡಿನ ಹಿಂದಿನ ಗ್ಯಾಸ್ ಜರಾ ತಗೊಂಡು ಟ್ಯೂಬಿಗಿ ಕೊಡೋದು, ನಳಿಗಿ ಮ್ಯಾಗ ಮುಂದಿಂದ ಸರಿಸಿ ಹಾಕೋದು, ಅದು ಕೂಡೋ ಜಾಗದ ವ್ಯಾಸ ಸಾಮಾನ್ಯ 0.750 ಇಂಚು, ಅಂದ್ರ 19 ಮಿಲಿಮೀಟರ್. ಮಜಲ್ ಡಿವೈಸ್ ಮೈ 22 ಮಿಲಿಮೀಟರ್. ಮುಂದ 22ರ ತುಂಡು ಖಾಯಂ ಕುಂತ್ರ 19ರ ತೂತಿನ ಬ್ಲಾಕ್ ಹೊರಗ ಬರೋದು ಹೆಂಗ? ಬರಂಗಿಲ್ಲ. ನಳಿಗಿನ ಹಿಂದ ಬಿಗಿ ಹಿಡಿಯೋ ಬ್ಯಾರಲ್ ನಟ್ ಕೂಡ ಮುಂದಿಂದನೇ ಬರ್ಬೇಕು, ಕೈ ಹಿಡಿಯೋ ಹ್ಯಾಂಡ್‌ಗಾರ್ಡ್ ಆ ನಟ್ಟಿಗಿ ಕೂಡಿರ್ತದ. ಅಂದ್ರ ಆ ಒಂದು ಚುಕ್ಕಿ ವೆಲ್ಡ್ ಆದ ದಿನ ಗ್ಯಾಸ್ ಬ್ಲಾಕು, ಗ್ಯಾಸ್ ಟ್ಯೂಬು, ನಟ್ಟು, ಎಲ್ಲಾನೂ ಅಲ್ಲಿಗಿ ಖಾಯಂ ಆತು. ಮುಂದ ಒಂದು ದಿವ್ಸ ಹ್ಯಾಂಡ್‌ಗಾರ್ಡ್ ಬ್ಯಾರೆ ಹಾಕ್ಬೇಕು ಅನಿಸಿದ್ರ ಹಳೇ ನಟ್ಟಿಗೇ ಕೂಡೋದು ಸಿಕ್ರ ಸಿಕ್ತು, ಇಲ್ಲಾಂದ್ರ ಇಲ್ಲ. ಅದಕ್ಕ ನಾ ಹೇಳಿದ್ದು ಇಷ್ಟೇ, ಮೊದಲು ಹ್ಯಾಂಡ್‌ಗಾರ್ಡ್ ಆರಿಸು, ನಟ್ ಬಿಗಿ ಮಾಡಿಸು, ಗ್ಯಾಸ್ ಬ್ಲಾಕ್ ತೂತಿಗಿ ತೂತು ಸರಿ ಕೂಡಿಸು, ಡಿವೈಸ್ ಬರೇ ಕೈಯಿಂದ ತಿರುವಿ ಹಾಕಿ ಎಲ್ಲಾ ಸರಿ ಬರ್ತದೋ ಇಲ್ಲೋ ನೋಡು, ಮನಸ್ಸು ಪೂರ್ತಿ ಒಪ್ಪಿದ ಮ್ಯಾಗ ವೆಲ್ಡಿಂಗಿಗಿ ಕಳಸು.

ಇಲ್ಲಿ ಒಂದು ಸಿಕ್ಕು ಅದ. ವೆಲ್ಡ್ ಆಗೋ ತನಕ ಆ ನಳಿಗಿ 14.5 ಇಂಚಿನದೇ, ಅದನ್ನ ರೈಫಲ್ಲಿನ ಕೆಳಗಿನ ಭಾಗಕ್ಕ, ಅಂದ್ರ ಆ ನಂಬರಿನ ರಿಸೀವರಿಗಿ, ಒಂದು ನಿಮಿಷ ಕೂಡಿಸಿದ್ರೂ ಗಿಡ್ಡ ರೈಫಲ್ ತಯಾರ್ ಮಾಡ್ದಂಗ. ಕೂಡಿಸದೇ ಎರಡೂ ಮನ್ಯಾಗ ಇಟ್ಕೊಂಡ್ರ ಏನು ಅನ್ನೋದಕ್ಕ ಅಮೆರಿಕಾ ಸುಪ್ರೀಂ ಕೋರ್ಟ್ 1992ರಾಗ ಥಾಂಪ್ಸನ್ ಸೆಂಟರ್ ಕೇಸಿನಾಗ ತೀರ್ಪು ಕೊಟ್ಟದ, ಪಾರ್ಟ್‌ಗಳಿಂದ ಕಾನೂನುಬದ್ಧ ಬಂದೂಕು ಕಟ್ಲಿಕ್ಕ ಬರೋ ಹಂಗಿದ್ರ ಬರೇ ಇಟ್ಕೊಂಡಿದ್ದು ಅಪರಾಧ ಅಲ್ಲ ಅಂತ ಆ ಕಂಪನಿ ಪರವಾಗಿ ಬಂತು. ಗಿಡ್ಡ ರೈಫಲ್ ಬಿಟ್ಟು ಬ್ಯಾರೆ ಏನೂ ಆಗಂಗಿಲ್ಲ ಅನ್ನೋ ಹಂಗ ಪಾರ್ಟ್ ಇಟ್ಕೊಂಡ್ರ ಆ ತೀರ್ಪು ಕಾಪಾಡಂಗಿಲ್ಲ. ಹುಡುಗ ತಗೊಳ್ಳಾಂವ ಒಂದೇ ರಿಸೀವರ್, ಅದಕ್ಕ ಇರೋದು ಈ ಒಂದೇ ನಳಿಗಿ. ಅದಕ್ಕ ನಳಿಗಿ ಮ್ಯಾಲಿನ ಭಾಗ ಪೂರ್ತಿ ಗನ್‌ಸ್ಮಿತ್ ಹತ್ರನೇ ತಯಾರಾಗಿ ವೆಲ್ಡ್ ಆಗಿ ಮನಿಗಿ ಬರ್ಲಿ, ಅಲ್ಲಿ ತನಕ ಕೆಳಗಿನ ಭಾಗ ಕೊಂಡ್ಕೊಳ್ಳೋದೇ ಬ್ಯಾಡ ಅಂದೆ. ಒಂದು ತಿಂಗಳು ತಡ ಆದ್ರ ಏನೂ ಹಾಳಾಗಂಗಿಲ್ಲ.

ಇನ್ನು ತುದಿಗಿ ಹಾಕೋದು ಯಾವುದು. ಹುಡುಗನಿಗಿ ಮಜಲ್ ಬ್ರೇಕ್ ಮ್ಯಾಗ ಮನಸ್ಸಿತ್ತು, ಗ್ಯಾಸ್ ಆಜೂಬಾಜೂ ತಿರುಗಿ ಹಿಂದಕ್ಕ ಒದೆಯೋದು ಕಡಿಮಿ ಮಾಡ್ತದ. ಆದ್ರ ಶಬ್ದ ಮತ್ತ ಧಕ್ಕಿ ಬಾಜೂ ನಿಂತವರ ಮುಖಕ್ಕ ಬಡೀತದ, ರೇಂಜಿನಾಗ ಯಾರೂ ಪಕ್ಕ ನಿಲ್ಲಂಗಿಲ್ಲ. 5.56 ಮೊದಲೇ ಒದೆಯೋದು ಕಡಿಮಿ ಇರೋ ಕಾಡತೂಸು, ಅದಕ್ಕ ಬ್ರೇಕ್ ಖಾಯಂ ಮಾಡ್ಸೋದು ನನಗ ಸರಿ ಕಾಣ್ಲಿಲ್ಲ. ಫ್ಲ್ಯಾಶ್ ಹೈಡರ್ ಆದ್ರ ಬೆಂಕಿ ಚದುರಿಸ್ತದ, ಅಷ್ಟೇ. ಮುಂದ ಯಾವತ್ತಾದ್ರೂ ಸಪ್ರೆಸರ್, ಅಂದ್ರ ಸೈಲೆನ್ಸರ್, ಹಾಕೋ ಆಸಿ ಇದ್ರ ಆ ಕಂಪನಿ ಸಪ್ರೆಸರ್ ಕೂಡೋ ಮೌಂಟ್ ಇರೋ ಫ್ಲ್ಯಾಶ್ ಹೈಡರ್ರನ್ನೇ ಈಗ ಹಾಕ್ಬೇಕು, ಯಾಕಂದ್ರ ಆಮ್ಯಾಗ ಬದಲಾಯಿಸ್ಲಿಕ್ಕ ಬರಂಗಿಲ್ಲ. ಹಂಗ ಹಾಕೋದಿದ್ರ ಕ್ರಷ್ ವಾಶರ್ ಬ್ಯಾಡ, ಅದು ಹಿಸುಕಿ ಒಂದು ಕಡೆ ಓರಿ ಆಗ್ತದ, ಸಪಾಟ್ ಶಿಮ್ ಹಾಕಿ ಸುತ್ತು ಸರಿ ತರಬೇಕು. ವೆಲ್ಡ್ ಮಾಡೋಕಿಂತ ಮೊದಲು ನೆಟ್ಟಗಿನ ಅಲೈನ್‌ಮೆಂಟ್ ರಾಡ್ ಬಿಟ್ಟು ನಳಿಗಿ ತೂತಿನ ನಡುಮಧ್ಯಕ್ಕೂ ಡಿವೈಸ್ ಮಧ್ಯಕ್ಕೂ ಫರಕ್ ಅದನೋ ನೋಡಲೇಬೇಕು. ಫರಕ್ ಇದ್ರ ಗುಂಡು ಸಪ್ರೆಸರಿನ ಒಳಗಿನ ಅಡ್ಡ ಬಿಲ್ಲೆಗಳಿಗಿ ಬಡ್ದು ಅದನ್ನ ಒಡೀತದ. ಥ್ರೆಡ್ ಸೊಟ್ಟ ಇದ್ರ ಅದು ಲೇಥ್ ಮಾಡಿದವನ ತಪ್ಪು, ಹೊರಮೈ ಹಿಡ್ದು ಕಟ್ ಮಾಡಿರ್ತಾನ, ತೂತಿಗಿ ಡಯಲ್ ಗೇಜ್ ಹಚ್ಚಿ ಸೆಂಟರ್ ತಗೊಂಡಿರಂಗಿಲ್ಲ. ನಾಲ್ಕು ಜಾ ಚಕ್ಕಿನಾಗ ತೂತಿನ ಸೆಂಟರ್ ತಗೋಳೋ ಕೆಲ್ಸಕ್ಕ ತಾಳ್ಮಿ ಬೇಕು, ಅದಕ್ಕ ರೊಕ್ಕ ಹೆಚ್ಚು ಕೇಳಿದ್ರ ಕೊಡು, ಚೌಕಾಶಿ ಮಾಡಬ್ಯಾಡ ಅಂದೆ.

ಹಿಂದಿನ ಸಲ ಅಂವ ಊರಿಗಿ ಬಂದಾಗ ಕಲಬುರಗಿ ಕೋಟಿ ಮ್ಯಾಗಿನ ಬಾರಾ ಗಜ್ ತೋಪು ನೋಡ್ಲಿಕ್ಕ ಹೋಗಿದ್ವಿ, 29 ಅಡಿ ಅಂತಾರ, ಅದರ ಮೈ ಮ್ಯಾಗ ಸಾಲಾಗಿ ಬಳಿ ಬಳಿ ಕಾಣ್ತಾವ. ಬೀದರ ಕೋಟಿ ಬುರ್ಜ್‌ಗಳ ಮ್ಯಾಗಿನ ತೋಪುಗಳೊಳಗೂ ಇದೇ ಕೈಕೆಲ್ಸ ನೋಡಬಹುದು: ಉದ್ದನೆ ಕಬ್ಬಿಣದ ಪಟ್ಟಿ ಸುತ್ತಲೂ ನಿಲ್ಸಿ ನಳಿಗಿ ಮಾಡಿ, ಕೆಂಪಗ ಕಾಸಿದ ಬಳಿ ಒಂದರ ಹಿಂದ ಒಂದು ಏರಿಸಿ ಬಡೀತಿದ್ರು, ಆರಿದಂಗ ಬಳಿ ಕುಗ್ಗಿ ಪಟ್ಟಿಗಳನ್ನ ಬಿಗಿ ಹಿಡೀತಿದ್ವು, ಬಂಡಿ ಗಾಲಿಗಿ ನಮ್ಮ ಕಮ್ಮಾರರು ಹಳಿ ಏರಿಸ್ತಿದ್ರಲ್ಲ ಹಂಗ. ಥ್ರೆಡ್ ಇಲ್ಲ, ಪಿನ್ ಇಲ್ಲ, ಬರೇ ಬೆಂಕಿ ಮತ್ತ ಸುತ್ತಿಗಿ. ಅದರ ಮುಂದ ನಿಂತು ನಾ ಹುಡುಗನಿಗಿ ಹೇಳಿದ್ದು ನೆನಪದ, ನೋಡು ಇವರಿಗಿ ಎರಡನೇ ಸಲ ಇರ್ಲಿಲ್ಲ, ಒಳಗಿನ ಬಳಿ ಸರಿ ಕೂಡ್ಲಿಲ್ಲ ಅಂದ್ರ ಹೊರಗಿನದನ್ನ ತೆಗ್ದು ಸರಿ ಮಾಡ್ಲಿಕ್ಕ ಬರ್ತಿರ್ಲಿಲ್ಲ, ಅದಕ್ಕ ಯಾವ ಬಳಿ ಯಾವಾಗ ಅಂತ ಮೊದಲೇ ಲೆಕ್ಕ ಹಾಕಿರಬೇಕು. ಬಹಮನಿಯವರು 1347ರಾಗ ಇಲ್ಲಿ ರಾಜ್ಯ ಕಟ್ಟಿದ್ರು, ಆಮ್ಯಾಗ ರಾಜಧಾನಿ ಬೀದರಿಗಿ ಹೋತು, ಈ ಕಡೆ ಕಬ್ಬಿಣದ ಕೈಗುಣ ನೂರಾರು ವರ್ಷದ್ದು. ಇದನ್ನ ನಮ್ಮ ಐಟಿಐ ಹುಡುಗ್ರಿಗಿ ಒಂದು ಸಲ ಕರ್ಕೊಂಡು ಹೋಗಿ ತೋರಿಸ್ಬೇಕು ಅಂತ ನನಗ ಯಾವಾಗ್ಲೂ ಅನಸ್ತದ.

ಈಗ ಒಂದು ಪ್ರಶ್ನೆ ಏಳ್ತದ. 2025ರ ಜುಲೈದಾಗ ಅಮೆರಿಕಾದಾಗ ಹೊಸ ಕಾನೂನು ಆತು, 2026ರ ಜನವರಿ 1ರಿಂದ ಗಿಡ್ಡ ರೈಫಲ್ ಮತ್ತ ಸಪ್ರೆಸರಿನ 200 ಡಾಲರ್ ಟ್ಯಾಕ್ಸ್ ಸೊನ್ನೆ ಆಗ್ಯದ. ಹಂಗಿದ್ರ ವೆಲ್ಡಿಂಗ್ ಯಾಕ ಬೇಕು, ಹೆಸರು ಬರಸಿದ್ರ ಆತಲ್ಲ? ಟ್ಯಾಕ್ಸ್ ಹೋಗ್ಯದ, ಹೆಸರು ಬರ್ಸೋದು ಹೋಗಿಲ್ಲ, ಫಾರ್ಮ್ ತುಂಬಬೇಕು, ಬೆರಳಚ್ಚು ಕೊಡಬೇಕು, ಒಪ್ಪಿಗಿ ಬಂದ ಮ್ಯಾಗೇ ಕಟ್ಟಬೇಕು. ಒಂದು ರಾಜ್ಯದಿಂದ ಇನ್ನೊಂದಕ್ಕ ಒಯ್ಯೋದಿದ್ರ ಮೊದಲೇ ಅನುಮತಿ ಬೇಕು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ರಾಜ್ಯದಾಗ ಸಾಮಾನ್ಯ ಜನಕ್ಕ ಗಿಡ್ಡ ರೈಫಲ್ಲೇ ಇಲ್ಲ, ಅಲ್ಲಿ ಫ್ಲ್ಯಾಶ್ ಹೈಡರ್ ಹಾಕಿದ್ರೂ ತೊಂದ್ರಿ ಅದ. ಐಟಿ ಕೆಲ್ಸದವ್ರು ಇವತ್ತು ಟೆಕ್ಸಾಸ್, ನಾಳೆ ಇನ್ನೊಂದು ಊರು. ವೆಲ್ಡ್ ಆಗಿ 16 ದಾಟಿದ ನಳಿಗಿ ಕೇಂದ್ರ ಕಾನೂನಿನ ಮುಂದ ಸಾದಾ ರೈಫಲ್, ಯಾರ ಅನುಮತಿನೂ ಬೇಡ, ರಾಜ್ಯದ ಕಾನೂನು ಮಾತ್ರ ನೋಡ್ಕೋಬೇಕು. ಒಂದೇ ಊರಾಗ ಮನಿ ಮಾಡ್ಕೊಂಡು ಕುಂತವ್ರಿಗಿ ಹೆಸರು ಬರ್ಸೋದೇ ಛಲೋ ಅಂತ ನನ್ನ ಅಭಿಪ್ರಾಯ, ಡಿವೈಸ್ ಬೇಕಾದಾಗ ಬಿಚ್ಚಿ ಹಾಕ್ಬಹುದು. ಊರೂರು ತಿರುಗೋರಿಗಿ ಪಿನ್ ಅಂಡ್ ವೆಲ್ಡ್.

ಇನ್ನೂ ನಳಿಗಿ ತಗೊಳ್ದೇ ಇದ್ದವ್ರಿಗಿ ನಾ ಹೇಳೋದು ಬ್ಯಾರೆ. ಸಾದಾ 16 ಇಂಚಿನ ನಳಿಗಿ ತಗೋರಿ. 14.5ಕ್ಕ ಉದ್ದನೆ ಡಿವೈಸ್ ವೆಲ್ಡ್ ಮಾಡಿ 16.1 ಆಗೋದಕ್ಕೂ, 16ಕ್ಕ ಸಣ್ಣ ಡಿವೈಸ್ ಬರೇ ತಿರುವಿ ಹಾಕಿ 17.15 ಆಗೋದಕ್ಕೂ ಪೂರ್ತಿ ಉದ್ದದಾಗ ಫರಕ್ ಒಂದು ಇಂಚು ಚಿಲ್ರಿ ಅಷ್ಟೇ. ತುದಿಗಿ ಕೂಡಿಸಿದ ಫ್ಲ್ಯಾಶ್ ಹೈಡರಿನಿಂದ ಗುಂಡಿನ ವೇಗ ಏರಂಗಿಲ್ಲ, ಗ್ಯಾಸ್ ತಳ್ಳೋದು 14.5ಕ್ಕೇ ಮುಗೀತದ. ಆ ಒಂದು ಇಂಚಿನ ಸಲುವಾಗಿ ಗ್ಯಾಸ್ ಬ್ಲಾಕಿನಿಂದ ಹ್ಯಾಂಡ್‌ಗಾರ್ಡ್ ತನಕ ಎಲ್ಲಾ ಬಂಧ ಮಾಡ್ಕೊಳ್ಳೋದು ಮೊದಲನೇ ರೈಫಲ್ಲಿಗಿ ಬ್ಯಾಡ. ಹುಡುಗನಿಗಿ ಇದನ್ನ ಹೇಳೋ ಹೊತ್ತಿಗಿ ಅಂವ ನಳಿಗಿ ತಗೊಂಡಾಗಿತ್ತು, ಅದಕ್ಕ ಅವನ ಮಾತು ಆ ದಾರಿ ಹಿಡೀತು.

ಅಲ್ಲಿ ಇರೋ ನಮ್ಮವ್ರು ಒಂದು ಮಾತು ಕಿವಿ ಮ್ಯಾಗ ಹಾಕ್ಕೊಳ್ರಿ. ಎಚ್1ಬಿ ವೀಸಾದಂಥ ತಾತ್ಕಾಲಿಕ ವೀಸಾದ ಮ್ಯಾಗ ಇದ್ದವ್ರಿಗಿ ಅಮೆರಿಕಾ ಕೇಂದ್ರ ಕಾನೂನು ಬಂದೂಕಾಗ್ಲಿ ಗುಂಡಾಗ್ಲಿ ಇಟ್ಕೊಳ್ಲಿಕ್ಕ ಬಿಡಂಗಿಲ್ಲ, ಬೇಟೆ ಲೈಸೆನ್ಸ್ ಇದ್ದವ್ರಿಗಿ ಅಂತ ಕೆಲವು ವಿನಾಯ್ತಿ ಅವ, ಆದ್ರ ವಕೀಲರನ್ನ ಕೇಳ್ದೇ ಅದನ್ನ ನಂಬ್ಕೊಂಡು ಹೋಗಬ್ಯಾಡ್ರಿ. ನಮ್ಮ ಹುಡುಗನಿಗಿ ಗ್ರೀನ್ ಕಾರ್ಡ್ ಬಂದ ಮ್ಯಾಗೇ ಈ ಹವ್ಯಾಸ ಶುರು ಮಾಡ್ಯಾನ. ಸ್ನೇಹಿತನ ಬಂದೂಕು ಒಂದು ರಾತ್ರಿ ಮನ್ಯಾಗ ಇಟ್ಕೊಂಡೆ ಅಂತ ಹೋಗಿ ವೀಸಾ, ಕೆಲ್ಸ, ಮಕ್ಕಳ ಸಾಲಿ ಎಲ್ಲಾ ಕಳ್ಕೊಳ್ಳೋ ಸ್ಥಿತಿ ಯಾರಿಗೂ ಬರಬಾರ್ದು.

ಇನ್ನು ನಮ್ಮ ಕಡೆ ಮಾತು. ಹುಡುಗ ಮುಂದಿನ ಸಲ ಬರೋವಾಗ ಒಂದು ಫ್ಲ್ಯಾಶ್ ಹೈಡರ್ ಬ್ಯಾಗಿನಾಗ ಹಾಕ್ಕೊಂಡು ಬರ್ತೀನಿ ಕಾಕಾ, ನೀವು ಕೈಯಾಗ ಹಿಡ್ದು ನೋಡ್ರಿ ಅಂದ. ಕೂಡ್ಲೇ ಬ್ಯಾಡ ಅಂದೆ. ನಮ್ಮ 1959ರ ಆಯುಧ ಕಾಯ್ದೆ ಒಳಗ ಬಂದೂಕು ಅನ್ನೋದರ ವ್ಯಾಖ್ಯಾನದಾಗೇ ಶಬ್ದ ಇಲ್ಲಾ ಬೆಂಕಿ ಕಡಿಮಿ ಮಾಡೋ ಸಾಮಾನು, ಬಂದೂಕಿನ ಪಾರ್ಟ್‌ಗಳು, ಅದನ್ನ ತಯಾರ್ ಮಾಡೋ ಮಶಿನ್ ಸಹಿತ ಸೇರ್ಯಾವ. ಅಂದ್ರ ಅಲ್ಲಿ ಅಂಗಡಿಯಾಗ ಯಾರು ಬೇಕಾದ್ರೂ ತಗೋಬಹುದಾದ ಆ ಬೆರಳುದ್ದದ ಉಕ್ಕಿನ ತುಂಡು ಹೈದ್ರಾಬಾದ್ ಏರ್‌ಪೋರ್ಟಿನಾಗ ಇಳಿದ ಕೂಡ್ಲೇ ಕಾನೂನಿನ ಕಣ್ಣಾಗ ಬಂದೂಕು. ನನಗ ನೋಡೋ ಆಸಿ ಖರೇ ಅದ, ಆ ಥ್ರೆಡ್ ಫಿನಿಶಿಂಗ್ ಹೆಂಗ ಮಾಡ್ಯಾರ ಅಂತ ಕೈಯಾಗ ಹಿಡ್ದು ನೋಡಬೇಕು ಅನಸ್ತದ, ಆದ್ರ ಫೋಟೋ ಸಾಕು.

ಲೇಥ್ ಇಟ್ಕೊಂಡಿರೋ ನನ್ನ ಅಣ್ಣತಮ್ಮಂದಿರಿಗಿ ಹೇಳ್ಬೇಕಂತಿದ್ದ ಮಾತು ಇದೇ. ತೊಗರಿ ಹೊಲಕ್ಕ ಹಂದಿ ಬೀಳ್ತಾವ ಅಂತ ಲೈಸೆನ್ಸ್ ಬಂದೂಕು ಇಟ್ಕೊಂಡ ರೈತರು ಇದ್ದಾರ. ಅವರೊಳಗ ಯಾರಾದ್ರೂ ಬಂದು ಇದರ ತುದಿ ಜರಾ ಕತ್ತರಿಸಿ ಕೊಡು, ಇಲ್ಲಾ ಒಂದು ಥ್ರೆಡ್ ಹಾಕಿ ಕೊಡು ಅಂದ್ರ ಮಾಡಬ್ಯಾಡ್ರಿ, ಅವರು ಎಷ್ಟೇ ಬೇಕಾದವ್ರಿದ್ರೂ ಮಾಡಬ್ಯಾಡ್ರಿ. ಬಂದೂಕು ರಿಪೇರಿಗಿ ಕಾಯ್ದೆಯ 5ನೇ ಕಲಂ ಪ್ರಕಾರ ಬ್ಯಾರೆ ಲೈಸೆನ್ಸ್ ಬೇಕು, ಲೈಸೆನ್ಸ್ ಇಲ್ದೇ ನಳಿಗಿ ಗಿಡ್ಡ ಮಾಡೋದು 6ನೇ ಕಲಂ ಪ್ರಕಾರ ಬ್ಯಾರೆನೇ ಅಪರಾಧ, 25ನೇ ಕಲಂದಾಗ ಜೈಲು ಶಿಕ್ಷಾ ಅದ. ಬಂದೂಕಿನ ಮಾಲಕ್ರ ಲೈಸೆನ್ಸ್ ನಿಮ್ಮ ಕೈ ಕಾಪಾಡಂಗಿಲ್ಲ. ನಾನು ನನ್ನ ಹತ್ರ ಬಂದವ್ರಿಗಿ ಚಹಾ ಕುಡಿಸಿ ಲೈಸೆನ್ಸ್ ಇರೋ ಬಂದೂಕಿನ ಅಂಗಡಿಗಿ ಹೋಗ್ರಿ ಅಂತ ಕಳಸ್ತೀನಿ, ಸಿಟ್ಟಾದವ್ರೂ ಇದ್ದಾರ, ಆಗ್ಲಿ.

ಹುಡುಗನ ಕೆಲ್ಸ ಈಗ ಆಗ್ಯದ. ಸಪ್ರೆಸರ್ ಮೌಂಟಿನ ಉದ್ದನೆ ಫ್ಲ್ಯಾಶ್ ಹೈಡರ್, ಬೋಲ್ಟಿನ ಮುಖದಿಂದ ಕಡ್ಡಿ ಹಾಕಿ ಅಳದ್ರ 16.1 ಇಂಚು, ಗನ್‌ಸ್ಮಿತ್ ಬಿಲ್ಲಿನ ಮ್ಯಾಗ ಯಾವ ಪದ್ಧತಿ, ಎಷ್ಟು ಉದ್ದ ಅಂತ ಬರ್ಸಿಕೊಂಡಾನ, ಆ ಬಿಲ್ ಜೋಪಾನ ಇಡು ಅಂದೀನಿ. ಸೆಕೆಂಡ್ ಹ್ಯಾಂಡ್ ರೈಫಲ್ ತಗೊಳ್ಳೋರೂ ಇದನ್ನೇ ಕೇಳ್ರಿ, ಬಿಲ್ ಇಲ್ಲಾಂದ್ರ ಡಿವೈಸ್ ಹೊರಮೈ ಮ್ಯಾಗ ಬೆರಳು ಆಡಿಸಿ ವೆಲ್ಡಿನ ಗುರ್ತು ಹುಡುಕ್ರಿ, ಗುರ್ತು ಸಿಗ್ಲಿಲ್ಲ ಮತ್ತ ನಳಿಗಿ ಮ್ಯಾಗ 14.5 ಅಂತ ಬರದದ ಅಂದ್ರ ಕೈ ಹಾಕಬ್ಯಾಡ್ರಿ. ಮುಂದ ಯಾವತ್ತಾದ್ರೂ ಆ ಡಿವೈಸ್ ತೆಗೀಲೇಬೇಕು ಅಂತ ಬಂದ್ರ ಗನ್‌ಸ್ಮಿತ್ ವೆಲ್ಡ್ ಮಿಲ್ ಮಾಡಿ ಪಿನ್ ತೆಗೀತಾನ, ಡಿವೈಸ್ ಹೆಚ್ಚಾಗಿ ಕೆಡ್ತದ, ನಳಿಗಿ ಉಳೀತದ. ಆದ್ರ ಆ ದಿನ ಮೊದಲು ನಳಿಗಿ ಇರೋ ಮ್ಯಾಲಿನ ಭಾಗ ಕೆಳಗಿನದರಿಂದ ಬ್ಯಾರೆ ಮಾಡಿ, ಬರೇ ಅದನ್ನಷ್ಟೇ ಅವನ ಹತ್ರ ಒಯ್ಬೇಕು.